ಬೆವರಿದ ಯಕ್ಷ, ಮುದುಕಿಯಾದ ರಾಣಿ, ಮತ್ತು ಒಂದಿಷ್ಟು ಥ್ಯಾಂಕ್ಸ್

ನನ್ನ ಪ್ರೇಮಕತೆಯ ನಾಲ್ಕನೇ ಭಾಗದ ಕೊನೆಯ ಅಧ್ಯಾಯವೂ ಮುಗಿಯಿತು. ಕಾಳುಮೆಣಸಿನ ನಾಡಿನ ರಾಣಿ ಸಿರಿಯಬ್ಬೆ, ಅವಳ ಯಕ್ಷ ನೀಲ, ಇಬ್ಬರೂ ಈಗ ನಿಮ್ಮವರು. ಹಾಗಾಗಿ ಇವತ್ತು ಕತೆ ಇಲ್ಲ, ಬರೀ ಥ್ಯಾಂಕ್ಸ್.

"ಒಂದು ಹಂತ ದಾಟಿದ ಮೇಲೆ ಪಾತ್ರಗಳು ತಾವೇ ಬೆಳೀತಾವೆ, ನಾವು ಸುಮ್ನೆ ಬರ್ಕೊಂಡು ಹೋಗೋದಷ್ಟೇ" ಅಂತ ಬರೆಯುವವರು ಹೇಳುವುದುಂಟು. ನನ್ನ ಪಾತ್ರಗಳು ಅಷ್ಟು ಚುರುಕಲ್ಲ. ಯಾರಾದರೂ ಬಂದು ಎಬ್ಬಿಸುವವರೆಗೆ ಕೂತಲ್ಲೇ ಕೂತಿರುತ್ತವೆ. ಎಬ್ಬಿಸಿದವರು ಯಾರು ಅಂತ ನನಗೆ ಚೆನ್ನಾಗಿ ಗೊತ್ತು.

ಮೊದಲ ಹೆಸರು ಶಿರಸಿ ಕಡೆಯ ನಮ್ಮ ಚಿಕ್ಕಪ್ಪನದು. ಶುರುವಿನಲ್ಲಿ ಸಿರಿಯಬ್ಬೆ ಅಂದರೆ ಚೆಂದದ ಹುಡುಗಿ, ಧೈರ್ಯ ಜಾಸ್ತಿ, ಅಷ್ಟೇ. ಚಿಕ್ಕಪ್ಪ ನಾಲ್ಕು ಪುಟ ಓದಿ, "ಮೆಣಸಿನ ನಾಡಿನ ರಾಣಿ ಅಂತೀಯ, ಇವಳಿಗೆ ಮೆಣಸು ಗೊತ್ತೇನೇ?" ಅಂದರು. ತೋಟಕ್ಕೆ ಕರೆದುಕೊಂಡು ಹೋದರು. ಅಡಿಕೆ ಮರಕ್ಕೆ ಹಬ್ಬಿದ ಬಳ್ಳಿ, ಒಂದೇ ಬಿದಿರಿನ ಏಣಿ, ಕೊಯ್ಯುವವನ ಸೊಂಟಕ್ಕೊಂದು ಚೀಲ. ಗೊಂಚಲಲ್ಲಿ ಒಂದೆರಡು ಕಾಳು ಕೆಂಪಾದರೆ ಸಾಕು, ಕೊಯ್ದುಬಿಡಬೇಕು. ಎಲ್ಲವೂ ಹಣ್ಣಾಗಲಿ ಅಂತ ಕಾದರೆ ಒಂದಿಷ್ಟು ಉದುರುತ್ತದೆ, ಇನ್ನೊಂದಿಷ್ಟು ಹಕ್ಕಿ ಪಾಲು. ಆಮೇಲೆ ಒಣಗಿದ ಕಾಳನ್ನು ಒಂದು ಲೋಟ ನೀರಿಗೆ ಹಾಕಿ ತೋರಿಸಿದರು. ಗಟ್ಟಿ ಕಾಳು ತಳ ಸೇರಿತು, ಜೊಳ್ಳು ಮೇಲೆ ತೇಲಿತು.

ಸಿರಿಯಬ್ಬೆ ಬೇರೆಯವಳಾದದ್ದು ಆ ಲೋಟದಿಂದ. ಜೊಳ್ಳು ಬೆರೆಸಿ ತಂದ ದಲ್ಲಾಳಿಯ ಅಧ್ಯಾಯ ನೆನಪಿದೆ ಅಲ್ವಾ? ತುಂಬಿದ ಸಭೆಯಲ್ಲಿ ಅವಳು ಮೂಟೆಗೆ ಕೈಹಾಕಿ ಒಂದು ಬೊಗಸೆ ತೆಗೆಯುತ್ತಾಳೆ. ನೀರಿನ ಪಾತ್ರೆಗೆ ಸುರಿಯುತ್ತಾಳೆ. ಮಾತಿಲ್ಲ. ತೇಲಿದ್ದನ್ನೆಲ್ಲ ಬಳಿದು ಅವನ ಅಂಗೈಗೇ ಹಾಕುತ್ತಾಳೆ. ಕಂಬದ ಮರೆಯಲ್ಲಿದ್ದ ನೀಲನ ಮನಸ್ಸು ಹೋಗುವುದು ಅಲ್ಲೇ. ನಾನು ಅಂದುಕೊಂಡಿದ್ದು ಬೆಳದಿಂಗಳು, ಹೊಳೆದಂಡೆ. ಪ್ರೇಮಕತೆಗಳಲ್ಲಿ ಬೆಳದಿಂಗಳ ಖರ್ಚು ಈಗಾಗಲೇ ಜಾಸ್ತಿಯಾಗಿದೆ, ಬಿಡಿ.

ನೀಲನದು ಬೇರೆ ತೊಂದರೆ. ಸಾವೇ ಇಲ್ಲದವನು ಬದಲಾಗುವುದಾದರೂ ಯಾಕೆ? ಇದಕ್ಕೆ ದಾರಿ ತೋರಿಸಿದ್ದು ನಮ್ಮ ಬೀದಿಯ ಗಮಕದ ಮೇಷ್ಟ್ರು. ಅವರು ದಮಯಂತಿಯ ಸ್ವಯಂವರ ನೆನಪಿಸಿದರು. ಇಂದ್ರ, ಅಗ್ನಿ, ವರುಣ, ಯಮ ನಾಲ್ವರೂ ನಳನ ರೂಪದಲ್ಲೇ ಬಂದಿದ್ದಾರೆ. ದೇವತೆಗಳು ರೆಪ್ಪೆ ಬಡಿಯುವುದಿಲ್ಲ. ಬೆವರುವುದಿಲ್ಲ. ಅವರಿಗೆ ನೆರಳಿಲ್ಲ, ಹಾಕಿಕೊಂಡ ಹಾರ ಬಾಡುವುದಿಲ್ಲ, ಕಾಲು ನೆಲ ಮುಟ್ಟುವುದಿಲ್ಲ. ದಮಯಂತಿ ಬೆವರಿದವನಿಗೆ, ಬಾಡಿದ ಹಾರದವನಿಗೆ ಮಾಲೆ ಹಾಕಿದಳು. "ಮನುಷ್ಯನಿಗೆ ಐದು ಗುರುತು ಇದಾವಲ್ಲಮ್ಮ, ನಿನ್ನ ಯಕ್ಷನಿಗೆ ಒಂದೊಂದೇ ಕೊಡ್ತಾ ಹೋಗು" ಅಂದರು ಮೇಷ್ಟ್ರು.

ಅಲ್ಲಿಂದ ಮುಂದೆ ಅವನ ಮನಸ್ಸಿನೊಳಗೆ ಏನಾಯಿತು ಅಂತ ಪುಟಗಟ್ಟಲೆ ಬರೆಯುವ ಕೆಲಸವೇ ತಪ್ಪಿತು. ಮೊದಲ ಭಾಗದ ಕೊನೆಗೆ ಒಮ್ಮೆ ರೆಪ್ಪೆ ಬಡಿದ. ಎರಡನೆಯದರಲ್ಲಿ ಅವಳು ಹತ್ತಿದ ಏಣಿ ಹಿಡಿದು ನಿಂತಾಗ ಹಣೆ ಒದ್ದೆಯಾಯಿತು. ಮೂರನೆಯದರಲ್ಲಿ ನೆರಳು ಬಂತು. ಅದನ್ನು ಮೊದಲು ಕಂಡಿದ್ದು ಸಿರಿಯಬ್ಬೆಯಲ್ಲ, ಅದರ ಮೇಲೆ ಕುಣಿದಾಡಿದ ಒಂದು ಮಗು. ಹಾರ ಬಾಡಿದ್ದು, ಕಾಲಿಗೆ ಕೆಸರು ಮೆತ್ತಿದ್ದು ನಾಲ್ಕನೆಯದಕ್ಕೆ. ಮೇಷ್ಟ್ರೇ, ನಿಮಗೆ ಉದ್ದಂಡ ನಮಸ್ಕಾರ.

ಇನ್ನು ರಾತ್ರಿ ಪಾಳಿ ಮುಗಿಸಿ ಓದುವ ಒಬ್ಬ ನರ್ಸ್. ಎರಡನೇ ಭಾಗ ಮುಗಿದಾಗ ಅವರು ಹೆಚ್ಚೇನೂ ಬರೆಯಲಿಲ್ಲ. "ಅವನಿಗೆ ವಯಸ್ಸಾಗಲ್ಲ, ಸರಿ. ಇವಳಿಗೆ ಅರವತ್ತಾದಾಗ ಏನ್ ಮಾಡ್ತೀರಿ ಮೇಡಂ?" ಇಂಥ ಕತೆಗಳಲ್ಲಿ ಇದಕ್ಕೊಂದು ಸಿದ್ಧ ಉತ್ತರ ಇದೆ. ನಾಯಕಿಗೂ ಅಮೃತ ಕುಡಿಸಿಬಿಡುವುದು. ನನಗೆ ಅದು ಒಗ್ಗಲಿಲ್ಲ. ಸಿರಿಯಬ್ಬೆಯ ಹಿಂದೆ ನಿಜವಾದ ರಾಣಿ ಇದ್ದಾಳೆ, ಗೇರುಸೊಪ್ಪೆಯ ಚೆನ್ನಭೈರಾದೇವಿ. 1552ರಿಂದ 1606ರವರೆಗೆ, 54 ವರ್ಷ ಆಳಿದವಳು. ಪೋರ್ಚುಗೀಸರ ಬಾಯಲ್ಲಿ ಕಾಳುಮೆಣಸಿನ ರಾಣಿ. ಅಷ್ಟು ವರ್ಷ ಆಳಿದವಳು ಸಿಂಹಾಸನದ ಮೇಲೇ ಮುದುಕಿಯಾಗಿರಬೇಕು ತಾನೇ? ನಾವು ನೆನೆಸಿಕೊಳ್ಳುವಾಗ ಮಾತ್ರ ಅವಳಿಗೆ ಯಾವತ್ತೂ ಇಪ್ಪತ್ತೈದು.

ನರ್ಸ್ ಅವರ ಪ್ರಶ್ನೆ ಇಟ್ಟುಕೊಂಡೇ ಗೇರುಸೊಪ್ಪೆಗೆ ಹೋದೆ. ಅಲ್ಲಿ ಕಾಡಿನ ನಡುವೆ ಚತುರ್ಮುಖ ಬಸದಿ ಇದೆ. ನಾಲ್ಕು ದಿಕ್ಕಿಗೂ ಬಾಗಿಲು, ಯಾವ ಬಾಗಿಲಿಗೆ ಬಂದರೂ ಎದುರಿಗೆ ಒಂದು ಮುಖ. ಸುತ್ತು ಹಾಕುತ್ತಿದ್ದಾಗಲೇ ನಾಲ್ಕನೇ ಭಾಗದ ಅಂದಾಜು ಸಿಕ್ಕಿತು. ಒಬ್ಬಳೇ ರಾಣಿ, ನಾಲ್ಕು ವಯಸ್ಸು: ಇಪ್ಪತ್ತು, ಮೂವತ್ತೈದು, ಐವತ್ತು, ಎಪ್ಪತ್ತು.

"ನಾಯಕಿಗೆ ಮಂಡಿನೋವು ಬಂದ್ರೆ ರೊಮ್ಯಾನ್ಸ್ ಎಲ್ಲಿ ಉಳೀತದೆ?" ಅಂತ ಒಬ್ಬರು ಪ್ರಕಾಶಕರು ನಕ್ಕಿದ್ದರು. ಉಳಿಯಿತು ಸಾರ್. ನೀಲ ಅವಳ ಮಂಡಿಗೆ ಎಣ್ಣೆ ತಿಕ್ಕುವ ಅಧ್ಯಾಯಕ್ಕೆ ಬಂದಷ್ಟು ಪತ್ರಗಳು ಅವರ ಮೊದಲ ಮುತ್ತಿಗೂ ಬಂದಿರಲಿಲ್ಲ. ಆ ಪತ್ರ ಬರೆದ ಅಷ್ಟೂ ಜನಕ್ಕೆ, ಅದರಲ್ಲೂ "ನಮ್ಮೆಜಮಾನ್ರಿಗೆ ಓದಿಸಿದೆ" ಅಂತ ಬರೆದವರಿಗೆ, ಡಬಲ್ ಥ್ಯಾಂಕ್ಸ್.

ನನ್ನ ಗೆಳತಿಯೊಬ್ಬಳು ಯಾರಿಗೆ ಯಾವ ಗುಟ್ಟು ಯಾವ ಅಧ್ಯಾಯದಲ್ಲಿ ಗೊತ್ತಾಯಿತು ಅಂತ ಎಕ್ಸೆಲ್ ಹಾಳೆ ಮಾಡಿಕೊಟ್ಟಳು. "ಇನ್ನೂ ಗೊತ್ತೇ ಇಲ್ಲದ ವಿಷಯಕ್ಕೆ ಇವಳು ಹೆಂಗೆ ಮುನಿಸ್ಕೋತಾಳೆ?" ಅನ್ನುವುದು ಅವಳ ಖಾಯಂ ಪ್ರಶ್ನೆ. ಸಿರಿಯಬ್ಬೆಯ ಸಿಟ್ಟಿಗೆ ಒಂದು ಲೆಕ್ಕ ಬಂದಿದ್ದರೆ ಅದು ಇವಳ ಕೆಲಸ. ಅಮ್ಮ ಪ್ರತಿ ಸಂಭಾಷಣೆಯನ್ನೂ ಗಟ್ಟಿಯಾಗಿ ಓದಿಸಿ ಕೇಳಿದಳು. ಕುಕ್ಕರ್ ಕೂಗಿದರೂ ಎದ್ದು ಹೋಗಲಿಲ್ಲ ಅಂದರೆ ಆ ಮಾತು ಪಾಸು.

ಕೊನೆಗೆ ದೋಣಿ ನಡೆಸುವ ಪೂವಿ. ಒಂದೇ ಒಂದು ದೃಶ್ಯಕ್ಕೆ ಬಂದು ಹೊಳೆ ದಾಟಿಸಿ ಹೋಗಬೇಕಿದ್ದವಳು ಅವಳು. ನೀವೆಲ್ಲ ಸೇರಿ "ಪೂವಿ ಎಲ್ಲಿ, ಪೂವಿ ಎಲ್ಲಿ" ಅಂತ ಕೇಳಿ ಕೇಳಿ ಅವಳನ್ನು ರಾಣಿಯ ಗೂಢಚಾರಿಣಿ ಮಾಡಿಸಿದಿರಿ. ಈಗ ಅವಳದೇ ಬೇರೆ ಕತೆ ಬೇಕಂತೆ. ಬರೆಯುತ್ತೇನೆ, ಸ್ವಲ್ಪ ಸುಧಾರಿಸಿಕೊಂಡ ಮೇಲೆ. ಅವಳಿಗೆ ಕೋಟೆಯ ಕಮ್ಮಾರ ಜೋಡಿಯೋ, ಆ ದಲ್ಲಾಳಿಯ ಮಗ ಜೋಡಿಯೋ ಅನ್ನುವುದನ್ನು ಅಷ್ಟರೊಳಗೆ ನೀವೇ ಜಗಳವಾಡಿ ಬಗೆಹರಿಸಿಕೊಳ್ಳಿ. ನನ್ನ ಓಟು ಕಮ್ಮಾರನಿಗೆ.