ಭುಜದ ಆಪರೇಶನ್‌ಗೆ ಹೊರಟ ಗೆಳೆಯನಿಗೆ

ದೋಸ್ತ,

ನಿನ್ನೆ ಗದಗಿನಿಂದ ಫೋನ್ ಮಾಡಿ, "ಭುಜದ ಆಪರೇಶನ್‌ಗೆ ಕುತ್ತಿಗೆಗ್ಯಾಕೆ ಸೂಜಿ?" ಅಂದೆಯಲ್ಲ. ನಾನು ಹುಬ್ಬಳ್ಳಿಯಲ್ಲಿ ಆಪರೇಶನ್ ಥಿಯೇಟರ್ ಬಾಗಿಲಲ್ಲಿ ನಿಂತಿದ್ದೆ, ಸರಿಯಾಗಿ ಹೇಳಲಾಗಲಿಲ್ಲ.

ಭುಜದ ನರಗಳು ಕುತ್ತಿಗೆಯಿಂದ ಇಳಿಯುತ್ತವೆ. ಅಲ್ಲೇ ಅಲ್ಟ್ರಾಸೌಂಡ್‌ನಲ್ಲಿ ನೋಡುತ್ತ ನಾವು ಅರಿವಳಿಕೆ ಡಾಕ್ಟರುಗಳು ಮರಗಟ್ಟಿಸುವ ಔಷಧ ಬಿಡುತ್ತೇವೆ. ನಿಮ್ಮಪ್ಪನಿಗೆ ಹರ್ನಿಯಾಕ್ಕೆ ಬೆನ್ನಿಗೆ ಇಂಜೆಕ್ಷನ್ ಕೊಟ್ಟಾಗ ಬಿಪಿ ಇಳಿದಿತ್ತು, ಅದೇ ಹೆದರಿಕೆ ನಿನಗೆ ಅಲ್ವಾ? ಅದು ಅರ್ಧ ಮೈಯ ರಕ್ತನಾಳಗಳನ್ನೇ ಸಡಿಲ ಮಾಡುತ್ತದೆ. ಇದು ಹಾಗಲ್ಲ.

ಇಲ್ಲಿ ನನಗೆ ಸೂಜಿಗಿಂತ ಕೂರುವುದರ ಚಿಂತೆ ಜಾಸ್ತಿ. ಈ ಆಪರೇಶನ್‌ನಲ್ಲಿ ಬಹಳ ಸಲ ಪೇಶಂಟನ್ನು ಒರಗಿಸಿ ಕೂರಿಸುತ್ತಾರೆ. ರಕ್ತ ಕಾಲಿಗಿಳಿದು ನಿಲ್ಲುತ್ತದೆ. ಹೃದಯ ತುಂಬುವುದು ಕಡಿಮೆ, ಆದರೂ ಜೋರಾಗಿ ಹಿಂಡುತ್ತದೆ. ಆಗ ಅದರೊಳಗಿನ ನರಗಳು ಮೋಸ ಹೋಗಿ 'ನಿಧಾನ, ನಿಧಾನ' ಅಂತ ಸುದ್ದಿ ಕಳಿಸುತ್ತವೆ. 80 ಇದ್ದ ನಾಡಿ 45ಕ್ಕೆ ಬೀಳಬಹುದು, ಜೊತೆಗೇ ಬಿಪಿಯೂ. ಇದಕ್ಕೆ ಬೆಜೋಲ್ಡ್-ಯಾರಿಶ್ ರಿಫ್ಲೆಕ್ಸ್ ಅನ್ನುತ್ತಾರೆ. ಇದೇ ಕಾರಣ ಅಂತ ನಮ್ಮವರೆಲ್ಲ ಒಪ್ಪುವುದಿಲ್ಲ, ಆ ಜಗಳ ಬಿಡು. ಏಳನೇ ಕ್ಲಾಸಿನಲ್ಲಿ ಝೆಂಡಾ ವಂದನೆಗೆ ಬಿಸಿಲಲ್ಲಿ ನಿಂತು ನಿಂತು ನೀನು ಧೊಪ್ಪನೆ ಬಿದ್ದೆಯಲ್ಲ, ಹೆಚ್ಚುಕಡಿಮೆ ಅದೇ ಆಟ. ಎಚ್ಚರವಾಗಿ ಕೂತು ಮಾಡಿಸಿಕೊಂಡ ನೂರು ಮಂದಿಯಲ್ಲಿ 13ರಿಂದ 28 ಜನರಿಗೆ ಹೀಗಾಗಿದೆ ಅಂತ ಲೆಕ್ಕವಿದೆ. ಸಲೈನ್ ಓಡಿಸಿ, ನಾಡಿ ಏರಿಸುವ ಅಟ್ರೋಪಿನ್ ಇಲ್ಲವೇ ನಾಡಿ, ಬಿಪಿ ಎರಡನ್ನೂ ಏರಿಸುವ ಎಫೆಡ್ರಿನ್ ಕೊಟ್ಟರೆ, ಬೇಕಾದರೆ ಮಲಗಿಸಿ ಕಾಲು ಎತ್ತಿದರೆ, ಸಾಮಾನ್ಯವಾಗಿ ಬೇಗ ಸರಿಹೋಗುತ್ತದೆ. ಬೆವರಿದರೆ, ವಾಕರಿಕೆ ಬಂದರೆ, ತಲೆ ಸುತ್ತಿದರೆ ಮರ್ಯಾದೆ ನೋಡದೆ ಕೂಗು. ನೀನು ಬೀಳುವ ಮೊದಲು ಒಂದು ಮಾತೂ ಆಡದವನು!

ಇನ್ನೊಂದು. ಬಿಪಿ ಪಟ್ಟಿ ಇರುವುದು ತೋಳಿಗೆ, ತಲೆ ಅದಕ್ಕಿಂತ ಮೇಲೆ. ಪ್ರತಿ 13 ಸೆಂಟಿಮೀಟರ್ ಎತ್ತರಕ್ಕೆ ಬಿಪಿ ಸುಮಾರು 10 ಪಾಯಿಂಟ್ ಕಡಿಮೆ. ನಮ್ಮ ನಲ್ಲಿ ನೀರು ಕೆಳಗಿನ ಮನೆಗೆ ಬಂದರೂ ಮಾಳಿಗೆಗೆ ಏರುವುದಿಲ್ಲವಲ್ಲ, ಹಾಗೆ. ರಕ್ತ ಬಂದರೆ ಭುಜದೊಳಗೆ ಬಿಟ್ಟ ಕ್ಯಾಮೆರಾದಲ್ಲಿ ಏನೂ ಕಾಣುವುದಿಲ್ಲ, ಬಿಪಿ ಇಳಿಸಿ ಅಂತ ಸರ್ಜನ್ ಹೇಳುತ್ತಾರೆ. ತಲೆಯ ಲೆಕ್ಕ ಹಾಕದೆ ನಾನಂತೂ ಇಳಿಸುವುದಿಲ್ಲ.

ನಿನ್ನ ಬಿಪಿ ಗುಳಿಗೆಗಳ ಚೀಟಿ ಅಲ್ಲಿನ ಅರಿವಳಿಕೆ ಡಾಕ್ಟರಿಗೆ ತೋರಿಸು. ಕೆಲವನ್ನು ಆ ದಿನ ಬಿಡಿಸುತ್ತಾರೆ, ಕೆಲವನ್ನು ಬಿಡಲೇಬಾರದು. ನೀನೇ ತೀರ್ಮಾನ ಮಾಡಬೇಡ. ಬೀಡಿಯ ವಿಷಯ ಮುಚ್ಚಿಡಬೇಡ. ಈ ಸೂಜಿಯಿಂದ ಆ ಬದಿಯ ವಪೆ, ಅಂದರೆ ಎದೆಯ ಕೆಳಗಿನ ಉಸಿರಾಟದ ಸ್ನಾಯು, ಕೆಲವು ತಾಸು ಸುಮ್ಮನಾಗಬಹುದು, ಉಸಿರು ಗಿಡ್ಡ ಅನ್ನಿಸುತ್ತದೆ. ದನಿ ಒಡೆದರೆ, ರೆಪ್ಪೆ ಜೋತರೆ ಗಾಬರಿ ಬೇಡ, ಇಳಿಯುತ್ತದೆ.

ಕೈ ಮರುದಿನದವರೆಗೂ ನಿನ್ನ ಮಾತು ಕೇಳದೇ ಇರಬಹುದು. ಆ ಕೈಯಲ್ಲಿ ಚಹಾ ಹಿಡಿಯಬೇಡ.

ನಿನ್ನ ದೋಸ್ತ