ಸೈಕಲ್ ಯಾಕೆ ಅಂತ ಕೇಳಿದೆಯಲ್ಲ

ಪ್ರೀತಿಯ ಗೆಳೆಯಾ,

ಮೊನ್ನೆ ಫೋನಿನಲ್ಲಿ ನೀನು ಕೇಳಿದೆ, "ದುಡ್ಡು ಕೊಡೋದಾದ್ರೆ ಸುಮ್ನೆ ಕೊಡು, ಅದಕ್ಕೆ ಹಾಸನದಿಂದ ಚಿಕ್ಕಮಗಳೂರಿನವರೆಗೆ ಸೈಕಲ್ ಯಾಕೆ ತುಳೀಬೇಕು?" ಅಂತ. ಆಗ ಸರಿಯಾಗಿ ಉತ್ತರ ಹೇಳಲು ಆಗಲಿಲ್ಲ. ಅದಕ್ಕೇ ಈ ಪತ್ರ.

ಮೊದಲು ದುಡ್ಡು ಯಾರಿಗೆ ಅಂತ ಹೇಳುತ್ತೇನೆ. ಹೋದ ವರ್ಷ ಬೆಂಗಳೂರು ಬಸ್ಸಿನಲ್ಲಿ ನನ್ನ ಪಕ್ಕ ಮೂಡಿಗೆರೆ ಕಡೆಯವರೊಬ್ಬರು ಕೂತಿದ್ದರು, ತೋಟದ ಕೂಲಿ. ಆಚೆ ಸೀಟಿನಲ್ಲಿ ಹೆಂಡತಿ, ಏಳು ವರ್ಷದ ಮಗ. ಮಗನಿಗೆ ರಕ್ತದ ಕ್ಯಾನ್ಸರ್, ತಲೆಗೆ ಉಣ್ಣೆ ಟೋಪಿ. ಇವರ ತೊಡೆಯ ಮೇಲೆ ಬಟ್ಟೆ ಅಂಗಡಿಯ ಪ್ಲಾಸ್ಟಿಕ್ ಕವರ್, ಅದರೊಳಗೆ ರಿಪೋರ್ಟುಗಳು, ಜೊತೆಗೆ ರಬ್ಬರ್ ಬ್ಯಾಂಡ್ ಹಾಕಿದ ಹಳೇ ಬಸ್ ಟಿಕೆಟ್ಟಿನ ಕಟ್ಟು. ಇದನ್ನು ಯಾಕೆ ಇಟ್ಟುಕೊಂಡಿದ್ದೀರಿ ಅಂದೆ. "ಯಾರಾದ್ರೂ ಲೆಕ್ಕ ನೋಡಿ ಕೊಡ್ತಾರೇನೋ ಅಂತ ಸಾರ್" ಅಂದರು.

ಚಿಕಿತ್ಸೆಗೆ ಆಯುಷ್ಮಾನ್ ಕಾರ್ಡ್ ಇದೆ, ಬಿಪಿಎಲ್ ಮನೆಗೆ ವರ್ಷಕ್ಕೆ 5 ಲಕ್ಷದವರೆಗೆ. ಶಕ್ತಿ ಯೋಜನೆ ಬಂದ ಮೇಲೆ ತಾಯಿಗೆ ಬಸ್ಸೂ ಫ್ರೀ. ಆದರೆ ಅಪ್ಪನ ಟಿಕೆಟ್, ಮಗನ ಅರ್ಧ ಟಿಕೆಟ್, ರಾತ್ರಿ ಉಳಿಯುವ ಜಾಗ, ಊಟ, ಇಬ್ಬರ ಕೂಲಿ ತಪ್ಪಿದ ದಿನಗಳು, ಇವಕ್ಕೆ ಯಾವ ಕಾರ್ಡೂ ಇಲ್ಲ. ಮಕ್ಕಳ ರಕ್ತದ ಕ್ಯಾನ್ಸರಿನಲ್ಲಿ ಜಾಸ್ತಿ ಕಾಣುವ ಬಗೆಗೆ ಎರಡರಿಂದ ಮೂರು ವರ್ಷ ಚಿಕಿತ್ಸೆ ಬೇಕು. ಕೆಲವು ಸಲ ಅಷ್ಟು ದೂರ ಹೋದ ಮೇಲೆ ರಕ್ತ ಪರೀಕ್ಷೆ ಮಾಡಿ, ಬಿಳಿ ಕಣ ಕಮ್ಮಿ ಇದೆ, ಈಗ ಕೀಮೋ ಕೊಟ್ಟರೆ ಸೋಂಕು ತಗುಲುತ್ತದೆ, ಮುಂದಿನ ವಾರ ಬನ್ನಿ ಅನ್ನುತ್ತಾರೆ. ಡಾಕ್ಟರು ಹೇಳುವುದು ಸರಿ. ಆದರೆ ಮತ್ತೆ ಬಸ್ಸು, ಮತ್ತೆ ಊಟ, ಮತ್ತೆ ಕೂಲಿ ಇಲ್ಲ. ಹೀಗೇ ಎಷ್ಟೋ ಜನ ಅರ್ಧಕ್ಕೇ ಬಿಟ್ಟುಬಿಡುತ್ತಾರೆ. ಪೂರ್ತಿ ಮಾಡಿಸಿದರೆ ಹೆಚ್ಚಿನ ಮಕ್ಕಳು ಗುಣವಾಗುವ ಕಾಯಿಲೆ ಕಣೋ ಅದು! ಬಸ್ ಚಾರ್ಜಿಗೆ ದುಡ್ಡಿಲ್ಲ ಅಂತ ಒಂದು ಮಗು ಹೋಗಬಾರದು. ನಾವು ಕೂಡಿಸುವುದು ಈ ಖರ್ಚಿಗೆ.

ಇನ್ನು ಸೈಕಲ್ ವಿಷಯ. ಸುಮ್ನೆ ಕೊಟ್ಟರೆ ನನ್ನ ಕೈಲಾದಷ್ಟು ಮಾತ್ರ ಆಗುತ್ತದೆ. ಬೇರೆಯವರನ್ನು ಕೇಳಲು ಬಾಯಿ ಬರಬೇಕಲ್ಲ, ಅದು ಸೈಕಲ್ಲಿನಿಂದ ಬಂತು. ಒಂದು ಹಾಳೆ ಹಿಡಿದು ಹೋದೆ, ಕಿಲೋಮೀಟರಿಗೆ ಒಂದು ರೂಪಾಯಿ, ಎರಡು ರೂಪಾಯಿ, ನಿಮಗೆ ಎಷ್ಟು ಆಗುತ್ತೋ ಬರೆಯಿರಿ ಅಂತ. ಎರಡು ರೂಪಾಯಿ ಬರೆದ ನಮ್ಮ ಬೀದಿಯ ದಿನಸಿ ಅಂಗಡಿಯವರು, ನಾನು ದಾರಿಯಲ್ಲಿದ್ದಾಗ ಮೂರು ಸಲ ಫೋನ್ ಮಾಡಿದರು, ಎಲ್ಲಿದ್ದೀರಿ, ಬೇಲೂರು ದಾಟಿತಾ ಅಂತ. ಸಂಜೆ ಮಾಡಿದಾಗ ನನ್ನ ಬಗ್ಗೆ ಕೇಳಲೇ ಇಲ್ಲ. "ಆ ಮಗು ಈಗ ಹೇಗಿದೆ?" ಅಂದರು. ಸುಮ್ನೆ ಕೊಟ್ಟಿದ್ದರೆ ಈ ಮಾತು ಬರುತ್ತಿತ್ತಾ?

ಅಮೆರಿಕದ ಮ್ಯಾಸಚೂಸೆಟ್ಸಿನಲ್ಲಿ ಬಿಲ್ಲಿ ಸ್ಟಾರ್ ಅನ್ನುವವರು, ತಾಯಿ ಕ್ಯಾನ್ಸರಿನಿಂದ ತೀರಿಕೊಂಡ ಮೇಲೆ, 1980ರಲ್ಲಿ ಪ್ಯಾನ್-ಮಾಸ್ ಚಾಲೆಂಜ್ ಅಂತ ಸೈಕಲ್ ಸವಾರಿ ಶುರು ಮಾಡಿದರು. ಮೊದಲ ಸಲ 36 ಜನ, ಕೂಡಿದ್ದು 10,200 ಡಾಲರ್. ಈಗ ಒಟ್ಟು 100 ಕೋಟಿ ಡಾಲರ್ ದಾಟಿದೆ, ಡಾನಾ-ಫಾರ್ಬರ್ ಕ್ಯಾನ್ಸರ್ ಸಂಸ್ಥೆಗೆ. ಸವಾರರು ಎತ್ತಿದ ದುಡ್ಡು ಒಂದು ಪೈಸೆಯೂ ಬಿಡದೆ ಅಲ್ಲಿಗೇ ಹೋಗುತ್ತದೆ. ನಾವೂ ಅದನ್ನೇ ಮಾಡಿದೆವು. ಟ್ಯೂಬು, ತಿಂಡಿ, ರೂಮು ಎಲ್ಲ ನಮ್ಮ ಜೇಬಿನಿಂದ.

ದಾರಿ ನಿನಗೆ ಗೊತ್ತಲ್ಲ. ಹಳೇಬೀಡು, ಬೇಲೂರು, ಮೊದಲ ದಿನ ಸುಮಾರು 70 ಕಿಲೋಮೀಟರ್. ಬೇಲೂರಿನ ಹತ್ತಿರ ಪಂಕ್ಚರ್ ಆಗಿ ಅರ್ಧ ಗಂಟೆ ಹೋಯಿತು, ಬಿಟ್ಟರೆ ಆರಾಮ. ಎರಡನೇ ದಿನ ಕೈಮರ ದಾಟಿ ಮುಳ್ಳಯ್ಯನಗಿರಿ ಕಡೆ ಹತ್ತಿದೆವು ನೋಡು, ಅದೇ ಕಷ್ಟ. 1,930 ಮೀಟರ್ ಬೆಟ್ಟ. ಡಿಸೆಂಬರಿನ ಮಂಜು, ಹತ್ತು ಅಡಿ ಮುಂದೆ ಕಾಣದು. ಕಾಫಿ ಕುಯ್ಲಿನ ಸಮಯ, ಕಣದಲ್ಲಿ ಒಣಹಾಕಿದ ಹಣ್ಣಿನ ಹುಳಿ ವಾಸನೆ ರಸ್ತೆವರೆಗೂ ಬರುತ್ತಿತ್ತು. ಒಂದು ತಿರುವಿನಲ್ಲಿ ಕಾಲು ಸೋತು ನಿಂತೆ. ಆಗ ಆ ಟಿಕೆಟ್ಟಿನ ಕಟ್ಟು ನೆನಪಾಯಿತು. ಸಣ್ಣ ಗೇರಿಗೆ ಹಾಕಿ ಮತ್ತೆ ತುಳಿದೆ.

ಈ ಡಿಸೆಂಬರಿನಲ್ಲೂ ಹೊರಡುತ್ತೇವೆ. ನಿನ್ನ ಸೈಕಲ್ ಇನ್ನೂ ನಮ್ಮ ಕೊಟ್ಟಿಗೆಯಲ್ಲೇ ಇದೆ. ಟೈರ್ ಎರಡೂ ಹೋಗಿವೆ, ಬ್ರೇಕ್ ವೈರ್ ತುಕ್ಕು ಹಿಡಿದಿದೆ. ಭಾನುವಾರ ಅಂಗಡಿಗೆ ಕೊಡುತ್ತೇನೆ. ಸೀಟು ಎಷ್ಟು ಎತ್ತರಕ್ಕೆ ಇಡಲಿ ಅಂತ ಮಾತ್ರ ಬರೆ.

ನಿನ್ನ ಗೆಳೆಯ