ಗಡಿ ಗೀಚುವ ಮೊದಲು ಮರಳಿನ ದಾರಿ ನೋಡಿ: ಉತ್ತರ ನಾರ್ಫೋಕ್ ಕಡಲಂಚಿನ ಕುರಿತು ಬಹಿರಂಗ ಪತ್ರ

ಬ್ರಿಟನ್ನಿನ ವಸತಿ, ಸಮುದಾಯ ಮತ್ತು ಸ್ಥಳೀಯ ಆಡಳಿತ ಸಚಿವರಿಗೆ,

ಮಾನ್ಯರೇ,

ಇಂಗ್ಲೆಂಡಿನ ಎರಡು ಹಂತದ ಸ್ಥಳೀಯ ಆಡಳಿತಕ್ಕೆ ತೆರೆ ಎಳೆಯುವುದಾಗಿ ಸರ್ಕಾರ 2024ರ ಡಿಸೆಂಬರ್‌ನ ಶ್ವೇತಪತ್ರದಲ್ಲಿ ಹೇಳಿತು. ಅದರಂತೆ ಪೂರ್ವ ಇಂಗ್ಲೆಂಡಿನ ನಾರ್ಫೋಕ್‌ನ ಕೌಂಟಿ ಕೌನ್ಸಿಲ್ಲೂ ಅದರಡಿಯ ಏಳು ಜಿಲ್ಲಾ ಕೌನ್ಸಿಲ್‌ಗಳೂ ಹೋಗಿ, 2028ರ ಏಪ್ರಿಲ್‌ನಲ್ಲಿ ಏಕಹಂತದ ಆಡಳಿತ ಬರಬೇಕು. ಹೊಸ ಕೌನ್ಸಿಲ್ ಒಂದಿರಬೇಕೋ ಎರಡೋ ಮೂರೋ ಎಂಬ ಬಗ್ಗೆ ಸಾಕಷ್ಟು ಮಾತಾಗಿದೆ. ಕಡಲಂಚನ್ನು ಯಾರು ನೋಡಿಕೊಳ್ಳುತ್ತಾರೆ ಎಂಬ ಬಗ್ಗೆ ಆಗಿದ್ದು ಕಡಿಮೆ. ಈ ಪತ್ರ ಅದೊಂದರ ಬಗ್ಗೆ ಮಾತ್ರ.

ಈಗಿನ ಹಂಚಿಕೆ ಹೇಗಿದೆಯೆಂದು ತಿಳಿಯಲು ಕಡಲಿಗೆ ಇಳಿಯುವ ಒಂದು ಹಳ್ಳಿ ರಸ್ತೆ ಸಾಕು. ಡಾಂಬರು ಕೌಂಟಿಯದು. ಕಸ ಒಯ್ಯುವುದು, ಮನೆ ಕಟ್ಟಲು ಅನುಮತಿ ಕೊಡುವುದು, ರಸ್ತೆಯ ತುದಿಯಲ್ಲಿ ಕುಸಿಯುವ ಧರೆಯ (ಕಡಲಂಚಿನ ಕಡಿದಾದ ಮಣ್ಣಿನ ದಿಬ್ಬದ) ಚಿಂತೆ, ಇವೆಲ್ಲ ಜಿಲ್ಲೆಗೆ. ತಗ್ಗು ನೆಲಕ್ಕೆ ನುಗ್ಗುವ ನೀರು ಪರಿಸರ ಏಜೆನ್ಸಿಯ ಪಾಲು. ಒಳಚರಂಡಿ ನೀರಿನ ಕಂಪನಿಯದು. ಒಳನಾಡಿನ ಬ್ರಾಡ್ಸ್ ಸರೋವರಗಳ ಸುತ್ತ ಕಟ್ಟಡದ ಅನುಮತಿಗೆ ಇನ್ನೊಂದು ಪ್ರಾಧಿಕಾರ. ಧರೆ ಕುಸಿದು ರಸ್ತೆ ಬಾಯ್ದೆರೆದ ದಿನ ಇವರೆಲ್ಲರಿಗೂ ಬೇರೆಬೇರೆ ಫೋನ್ ಮಾಡಬೇಕು. ರಸ್ತೆಯೂ ಧರೆಯೂ ಒಂದೇ ಸೂರಿನಡಿ ಬಂದರೆ ಒಳ್ಳೆಯದೇ. ಅಷ್ಟರ ಮಟ್ಟಿಗೆ ನಿಮ್ಮ ಯೋಜನೆಯ ಮೇಲೆ ನಮ್ಮ ತಕರಾರಿಲ್ಲ.

ತಕರಾರಿರುವುದು ದುಡ್ಡಿನ ಸರದಿಯಲ್ಲಿ. 1949ರ ಕರಾವಳಿ ರಕ್ಷಣಾ ಕಾಯ್ದೆ ಕಡಲಂಚಿನ ಜಿಲ್ಲಾ ಕೌನ್ಸಿಲ್‌ಗಳಿಗೆ ತಡೆಗೋಡೆ ಕಟ್ಟುವ ಅಧಿಕಾರ ಕೊಟ್ಟಿದೆ, ಕಟ್ಟಲೇಬೇಕೆಂಬ ಹೊಣೆ ಹೊರಿಸಿಲ್ಲ. ವೃದ್ಧರ ಆರೈಕೆ, ಮಕ್ಕಳ ರಕ್ಷಣೆ ಹಾಗಲ್ಲ. ಅವು ಕಾನೂನು ಹೊರಿಸಿದ ಹೊಣೆ, ವರ್ಷದಿಂದ ವರ್ಷಕ್ಕೆ ಹಿಗ್ಗುವ ಖರ್ಚು, ಇಂದು ಕೌಂಟಿಯ ಲೆಕ್ಕದಲ್ಲಿವೆ. ಉತ್ತರ ನಾರ್ಫೋಕ್ ಜಿಲ್ಲಾ ಕೌನ್ಸಿಲ್‌ನ 40 ಸದಸ್ಯರ ಸಭೆಯಲ್ಲಿ ಕಡಲ್ಕೊರೆತ ದೊಡ್ಡ ವಿಷಯ. ಆರೈಕೆಯ ಖರ್ಚೂ ಅದೂ ಒಂದೇ ಬಜೆಟ್‌ನೊಳಗೆ ಬಂದರೆ, ಕೈಬಿಟ್ಟರೂ ಕೋರ್ಟು ಕೇಳದ ಬಾಬ್ತಿಗೇ ಮೊದಲು ಕತ್ತರಿ ಬೀಳುತ್ತದೆ. ಇದಕ್ಕೆ ಯಾರ ಕೆಟ್ಟತನವೂ ಬೇಕಿಲ್ಲ.

ಇನ್ನು ಭೂಗೋಳ. ಜಿಲ್ಲೆಯ ಪಶ್ಚಿಮದಲ್ಲಿ ವೆಲ್ಸ್, ಬ್ಲೇಕ್ನಿಗಳ ಉಪ್ಪು ಜೌಗು. ವೇಬೋರ್ನ್‌ನಿಂದ ಪೂರ್ವಕ್ಕೆ ಹಿಮಯುಗ ಬಿಟ್ಟುಹೋದ ಮರಳು, ಜೇಡಿ, ಜಲ್ಲಿಯ ಮೆತ್ತನೆ ಧರೆಗಳು. ಇವು ಅಲೆಯ ಹೊಡೆತಕ್ಕೆ ಮಾತ್ರ ಬೀಳುವುದಿಲ್ಲ. ಮಳೆನೀರು ಮರಳಿನ ಪದರದಲ್ಲಿ ಇಂಗಿ, ಕೆಳಗಿನ ಜೇಡಿಯ ಮೇಲೆ ನಿಂತು, ಧರೆಯನ್ನು ಒಳಗಿನಿಂದಲೇ ಜಾರಿಸುತ್ತದೆ. ಬುಡದಲ್ಲಿ ಗೋಡೆಯಿದ್ದರೂ ನೆತ್ತಿ ಕುಸಿಯುವುದು ಇದರಿಂದಲೇ. ಬಿದ್ದ ಮಣ್ಣಿನಲ್ಲಿ ಜೇಡಿ ತೇಲಿಹೋಗುತ್ತದೆ, ಮರಳು ದಂಡೆಯಾಗುತ್ತದೆ. ಆ ಮರಳು ಶೆರಿಂಗಮ್–ಕ್ರೋಮರ್ ಆಸುಪಾಸಿನಲ್ಲಿ ಕವಲೊಡೆದು ಒಂದು ಪಾಲು ಪಶ್ಚಿಮಕ್ಕೆ, ಇನ್ನೊಂದು ಆಗ್ನೇಯಕ್ಕೆ ಸಾಗುತ್ತದೆ. ಆಗ್ನೇಯಕ್ಕೆ ಹೋದದ್ದು ಮಂಡ್ಸ್‌ಲಿ, ಬ್ಯಾಕ್ಟನ್, ಸೀ ಪಾಲಿಂಗ್ ದಾಟಿ ಪಕ್ಕದ ಗ್ರೇಟ್ ಯಾರ್ಮತ್ ಜಿಲ್ಲೆಯ ಹೆಮ್ಸ್‌ಬಿಯತ್ತ ನಡೆಯುತ್ತದೆ. ಮೇಲಿನ ಊರಲ್ಲಿ ಧರೆಗೆ ಕಾಂಕ್ರೀಟು ಹೊದಿಸಿದರೆ ಕೆಳಗಿನ ಊರಿಗೆ ಮರಳಿಲ್ಲ.

ಸೀ ಪಾಲಿಂಗ್ ಇದಕ್ಕೆ ಒಳ್ಳೆಯ ಪಾಠ. 1953ರ ಜನವರಿ 31ರ ರಾತ್ರಿಯ ಪ್ರವಾಹದಲ್ಲಿ ಅಲ್ಲಿ ಏಳು ಜನ ಸತ್ತರು. 1990ರ ದಶಕದಲ್ಲಿ ಅಲ್ಲಿ ಕಡಲೊಳಗೆ ಬಂಡೆಗಳ ಒಂಬತ್ತು ರೀಫ್‌ಗಳು ಎದ್ದವು. (ಉಳ್ಳಾಲದ ಕಡಲಲ್ಲಿ ಏಷ್ಯನ್ ಅಭಿವೃದ್ಧಿ ಬ್ಯಾಂಕಿನ (ಎಡಿಬಿ) ಸಾಲದ ರೀಫ್ ಕಂಡ ಕನ್ನಡಿಗರಿಗೆ ಚಿತ್ರ ಹೊಸದಲ್ಲ.) ಮೊದಲ ನಾಲ್ಕರ ಹಿಂದೆ ಮರಳು ಎಷ್ಟು ತುಂಬಿತೆಂದರೆ ದಂಡೆಯೇ ರೀಫಿನವರೆಗೆ ಬೆಳೆಯಿತು. ಅಲ್ಲಿ ನಿಂತ ಮರಳು ಮುಂದಿನ ಊರಿಗೆ ಹೋಗಬೇಕಾದದ್ದು. ಹಾಗಾಗಿ ಉಳಿದ ಐದನ್ನು ಚಿಕ್ಕದಾಗಿ, ತಗ್ಗಾಗಿ ಕಟ್ಟಿದರು.

2019ರಲ್ಲಿ ಬ್ಯಾಕ್ಟನ್–ವಾಲ್ಕಾಟ್ ದಂಡೆಗೆ ಸುಮಾರು 18 ಲಕ್ಷ ಘನಮೀಟರ್ ಮರಳು ಸುರಿದದ್ದು ಇದೇ ತಿಳಿವಳಿಕೆಯಿಂದ. ಡಚ್ಚರಿಂದ ಕಲಿತ ವಿಧಾನ ಅದು: ಹೂಳೆತ್ತುವ ಹಡಗು ಕಡಲತಳದ ಮರಳು ಹೀರಿ ತಂದು, ಕೊಳವೆಯಲ್ಲಿ ದಂಡೆಗೆ ಉಗುಳುತ್ತದೆ, ಬುಲ್ಡೋಜರ್ ಹರಡುತ್ತದೆ, ಮುಂದಿನ ಹಂಚಿಕೆ ಅಲೆಗಳ ಕೆಲಸ. ಖರ್ಚು ಸುಮಾರು 2 ಕೋಟಿ ಪೌಂಡ್, ಬಾಳಿಕೆಯ ಅಂದಾಜು 15ರಿಂದ 20 ವರ್ಷ. ಆದರೆ ಹೆಚ್ಚಿನ ಹಣ ಕೊಟ್ಟದ್ದು ಅಲ್ಲಿನ ಗ್ಯಾಸ್ ಟರ್ಮಿನಲ್ ನಡೆಸುವ ಕಂಪನಿಗಳು ಎಂಬುದನ್ನು ಮರೆಯಬೇಡಿ. ಗ್ಯಾಸ್ ಕೊಳವೆಯಿಲ್ಲದ ಊರಿಗೆ ಅಂಥ ದಾನಿ ಸಿಗುವುದಿಲ್ಲ.

ಸಿಗದ ಊರು ಹೇಸ್‌ಬರ. ಇಂಗ್ಲಿಷ್ ಕಾಗುಣಿತ ನೋಡಿ ಹ್ಯಾಪಿಸ್‌ಬರ್ಗ್ ಎಂದು ಓದಿದರೆ ಊರವರು ನಗುತ್ತಾರೆ. 1950ರ ದಶಕದ ಕೊನೆಗೆ ಕಟ್ಟಿದ ಮರದ ತಡೆಗಳು 1990ರ ದಶಕದಲ್ಲಿ ಒಡೆದವು; ಮತ್ತೆ ಕಟ್ಟುವಷ್ಟು ಬೆಲೆ ತಡೆಯ ಹಿಂದಿರುವ ಮನೆಗಳಿಗಿಲ್ಲ ಎಂದಿತು ಸರ್ಕಾರಿ ಲೆಕ್ಕ. ಸರ್ಕಾರದ ಪಾತ್‌ಫೈಂಡರ್ ಎಂಬ ಪ್ರಾಯೋಗಿಕ ಯೋಜನೆಯಲ್ಲಿ ಜಿಲ್ಲೆಗೆ ಬಂದ 30 ಲಕ್ಷ ಪೌಂಡಿನಲ್ಲಿ ಬೀಚ್ ರೋಡಿನ ಒಂಬತ್ತು ಮನೆಗಳನ್ನು ಕೊಂಡು ಕೆಡವಿದರು, ಕಡಲಿಂದ ದೂರ ಒಳಗಿನ ಬದಲಿ ಜಾಗಕ್ಕೆ ಅನುಮತಿ ಕೊಟ್ಟರು. ಒಂದು ಸಲದ ಪ್ರಯೋಗ ಅದು. ಇಂದು ಮನೆ ಕಳೆದುಕೊಳ್ಳುವವರಿಗೆ ಪರಿಹಾರವಿಲ್ಲ. ಪ್ರವಾಹದ ವಿಮೆಗೆ ಫ್ಲಡ್ ರೀ ಎಂಬ ಮರುವಿಮೆ ಯೋಜನೆ ಇದೆ, ಕೊರೆತಕ್ಕೆ ಅದು ಅನ್ವಯಿಸುವುದಿಲ್ಲ. ಇರುವುದು ಮನೆ ಕೆಡವಲು ಗರಿಷ್ಠ 6,000 ಪೌಂಡಿನ ಅನುದಾನ.

ಕೆಡವುವುದೂ ಸಲೀಸಲ್ಲ. ಮೊದಲು ವಿದ್ಯುತ್, ನೀರು ಕಡಿಯಬೇಕು. ಹಳೇ ಮನೆಯ ಕಲ್ನಾರು ಶೀಟುಗಳನ್ನು ತರಬೇತಿ ಪಡೆದವರು ಬಿಚ್ಚಬೇಕು. ಶೌಚಗುಂಡಿಯನ್ನು ಅಗೆದು ತೆಗೆಯದಿದ್ದರೆ ಅದು ನಾಳೆ ಧರೆಯಿಂದ ಹೊರಚಾಚುತ್ತದೆ. ಎಲ್ಲಕ್ಕಿಂತ ಮುಖ್ಯವಾಗಿ, ಭಾರದ ಯಂತ್ರ ನಿಲ್ಲುವಷ್ಟು ನೆಲ ಅಂಚಿನಲ್ಲಿ ಉಳಿದಿರುವಾಗಲೇ ಕೆಲಸ ಮುಗಿಯಬೇಕು. ತಡವಾದರೆ 1984ರ ಕಟ್ಟಡ ಕಾಯ್ದೆಯಡಿ ಕೌನ್ಸಿಲ್ಲೇ ತುರ್ತಾಗಿ ಕೆಡವಿ, ಖರ್ಚನ್ನು ಮಾಲೀಕರಿಂದ ವಸೂಲು ಮಾಡಬಹುದು. ಮನೆ ಹೋದವರ ಕೈಗೆ ಬಿಲ್ಲು!

ಈಗ ಕೇಳಿಕೆಗಳು. ಕೆಲಿಂಗ್‌ನಿಂದ ಲೋಸ್ಟಾಫ್ಟ್‌ವರೆಗೆ ಕಡಲಂಚಿಗೆ ಈಗಾಗಲೇ ಒಂದೇ ನಿರ್ವಹಣಾ ಯೋಜನೆ ಇದೆ. ಅದರ ತುದಿ ಸಫೋಕ್ ಕೌಂಟಿಯೊಳಗಿದೆ. ಈ ಉದ್ದಕ್ಕೂ ಒಂದು ಜಂಟಿ ಕರಾವಳಿ ಸಮಿತಿಯನ್ನು ಹೊಸ ಕೌನ್ಸಿಲ್‌ಗಳನ್ನು ಸ್ಥಾಪಿಸುವ ಆದೇಶದಲ್ಲೇ ಬರೆಯಿರಿ. 2016ರಲ್ಲಿ ಇಲ್ಲಿನ ಕಡಲಂಚಿನ ಕೌನ್ಸಿಲ್‌ಗಳು ಜಂಟಿ ತಂಡ ಕಟ್ಟಿ ನೋಡಿವೆ. ಆದರೆ ಒಪ್ಪಂದದ ಮೇಲೆ ನಿಂತ ತಂಡವನ್ನು ಬಜೆಟ್ ಬಿಗಿಯಾದಾಗ ಯಾರು ಬೇಕಾದರೂ ಬಿಡಬಹುದು. ಸಮಿತಿಯ ಹಣವೂ ಬೇರೆ ಖಾತೆಯಲ್ಲಿರಲಿ.

ಎರಡನೆಯದಕ್ಕೆ ಅವಸರವಿದೆ. ಮನೆ, ರಸ್ತೆ, ಪಾರ್ಕಿಂಗ್ ಜಾಗಗಳನ್ನು ಒಳಕ್ಕೆ ಸರಿಸುವ ಬಗೆ ಹುಡುಕುತ್ತಿರುವ ಕೋಸ್ಟ್‌ವೈಸ್ ಯೋಜನೆ 2022ರಿಂದ 2027ರವರೆಗಿನದು. ಹೊಸ ಕೌನ್ಸಿಲ್ ಬರುವುದು 2028ಕ್ಕೆ. ನಡುವಿನ ಚಳಿಗಾಲದಲ್ಲಿ ಆ ತಂಡದ ಸಂಬಳ ಯಾರ ಲೆಕ್ಕ? ಪರಿಸರ ಖಾತೆಯ ಸಚಿವರೊಡನೆ ಕೂತು ಇದನ್ನು ಈಗಲೇ ತೀರ್ಮಾನಿಸಿ. 6,000 ಪೌಂಡಿನ ಮಿತಿ ಏರಿಸುವ ಮಾತನ್ನೂ ಅದೇ ಸಭೆಯಲ್ಲಿ ಎತ್ತಿ.

ಕೊನೆಯದು ಕಾಗದಪತ್ರ. ಯಾವ ಗೋಡೆ, ಮರಳು ಹಿಡಿದಿಡಲು ಕಡಲಿಗೆ ಚಾಚಿದ ಯಾವ ಅಡ್ಡತಡೆ (ಗ್ರೋಯ್ನ್), ಕಡಲಿಗಿಳಿಯುವ ಯಾವ ಮೆಟ್ಟಿಲು ಯಾರದ್ದು, ಕೊನೆಯ ದುರಸ್ತಿ ಯಾವಾಗ, ಯಾವ ಧರೆಯ ಅಂಚು ಯಾವ ವರ್ಷ ಎಲ್ಲಿತ್ತು ಎಂಬ ದಾಖಲೆಗಳು ಕ್ರೋಮರ್‌ನ ಜಿಲ್ಲಾ ಕೌನ್ಸಿಲ್ ಕಚೇರಿಯಲ್ಲೂ ಕೆಲವೇ ಎಂಜಿನಿಯರುಗಳ ನೆನಪಿನಲ್ಲೂ ಹಂಚಿಹೋಗಿವೆ. ಹಸ್ತಾಂತರಕ್ಕೆ ಒಂದು ವರ್ಷ ಮೊದಲೇ ಇವುಗಳ ಪೂರ್ಣ ಪಟ್ಟಿ ಸಿದ್ಧವಾಗಿ, ಪ್ರತಿ ಪ್ಯಾರಿಷ್ (ಹಳ್ಳಿ ಮಟ್ಟದ) ಕೌನ್ಸಿಲ್‌ಗೂ ಒಂದೊಂದು ಪ್ರತಿ ತಲುಪಲಿ.

ಇತಿ,
ಕಡಲಂಚಿನ ಆಡಳಿತವನ್ನು ಗಮನಿಸುತ್ತಿರುವ ಕೆಲವು ಕನ್ನಡಿಗರು